ಉದ್ದನೆಯ ಪ್ಲಾಟ್‌ಫಾರ್ಮೂ ನಮ್ಮ ಅತ್ತೆಯವರೂ



ಊರಿಗೆ ಹೊರಡುವ ದಿನ ನಮಗೆ ನೂರೆಂಟು ಕೆಲಸ. ರೊಟ್ಟಿ ಕಟ್ಟಬೇಕು, ಶೇಂಗಾ ಚಟ್ನಿ ತುಂಬಬೇಕು, ಹಾಲಿನವನಿಗೆ ಹೇಳಬೇಕು. ಇದೆಲ್ಲ ಮುಗಿಸಿ, ಗಾಡಿ ಬಿಡಲು ಹತ್ತೇ ನಿಮಿಷವಿದ್ದಾಗ ಅತ್ತೆಯವರ ಕೈ ಹಿಡಿದು ಹುಬ್ಬಳ್ಳಿ ಸ್ಟೇಷನ್ನಿಗೆ ಬಂದೆ. ಬೆಂಗಳೂರಿನಲ್ಲಿ ಅವರ ಕಣ್ಣಿನ ಆಪರೇಷನ್ನಿಗೆ ಮರುದಿನವೇ ಗೊತ್ತಾಗಿತ್ತು. ನಮ್ಮ ಬೋಗಿ ನೋಡಿದರೆ 8ನೇ ಪ್ಲಾಟ್‌ಫಾರ್ಮಿನ ಆ ತುದಿಗೆ!

ಅತ್ತೆಯವರಿಗೆ ಮೊಣಕಾಲು ನೋವು ಬೇರೆ. "ಏನವಾ ಇದು, ಪ್ಲಾಟ್‌ಫಾರ್ಮೋ, ಆರೂಢರ ಜಾತ್ರಿ ಹಾದಿಯೋ? ನಡದಷ್ಟೂ ಮುಗೀವಲ್ತು" ಎಂದು ನಿಂತೇಬಿಟ್ಟರು. ನನಗೋ ಕೈಕಾಲು ತಣ್ಣಗಾದವು. ಹಮಾಲನೊಬ್ಬ "ಅಕ್ಕಾರ, ಸಿಕ್ಕ ಬೋಗಿ ಹತ್ರಿ, ಒಳಗಿಂದೊಳಗ ಹೋಗೀರಂತ" ಎಂದು ಅವರನ್ನು ಹಿಡಿದು ಹತ್ತಿಸಿದ. ನಾವು ಕೂತೆವೋ ಇಲ್ಲವೋ, ಗಾಡಿ ಬಿಟ್ಟಿತು. ತಪ್ಪು ನನ್ನದೇ.

ದಮ್ಮಾರಿಸಿಕೊಂಡ ಮೇಲೆ ಅತ್ತೆಯವರು ಹಳೆಯ ಸ್ಟೇಷನ್ನಿನ ಮಾತು ತೆಗೆದರು. ನಮ್ಮ ಮಾವನವರು ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲೇ ದುಡಿದವರು.

ನೋಡಿ, ಹುಬ್ಬಳ್ಳಿಗೆ ಸಮುದ್ರವಿಲ್ಲ. ಆದರೂ ಈ ಸ್ಟೇಷನ್ನು ಬೆಳೆದದ್ದರಲ್ಲಿ ಸಮುದ್ರದ ಪಾಲೂ ಇದೆ. 1876-78ರ ಭೀಕರ ಬರಗಾಲದಲ್ಲಿ ಈ ಭಾಗಕ್ಕೆ ಕಾಳುಕಡಿ ತರಲು ರೈಲೇ ಇರಲಿಲ್ಲ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಹುಬ್ಬಳ್ಳಿಗೆ ಹಳಿ ಬಂತು, ವರ್ಕ್‌ಶಾಪ್ ಬಂತು. ಲೋಂಡಾ ದಾಟಿ, ಕ್ಯಾಸಲ್‌ರಾಕ್ ಘಟ್ಟ ಇಳಿದು, ಗೋವಾದ ಮಾರ್ಮಗೋವಾ ಬಂದರಿಗೆ ದಾರಿಯಾಯಿತು. ನಮ್ಮ ಕಡೆಯ ಹತ್ತಿ ಆ ದಾರಿ ಹಿಡಿದು ಹಡಗು ಹತ್ತಿತು.

2003ರಲ್ಲಿ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. 2020ರಲ್ಲಿ ಸ್ಟೇಷನ್ನಿಗೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿಟ್ಟರು. 2023ರ ಮಾರ್ಚ್ 12ರಂದು ಪ್ರಧಾನಿಯವರು 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ಉದ್ಘಾಟಿಸಿದರು. ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಗಿನ್ನೆಸ್ ದಾಖಲೆಯಾಗಿದೆ. ಅದಕ್ಕೂ ಮೊದಲು ಆ ಹೆಸರು 1,366 ಮೀಟರಿನ ಗೋರಖಪುರದ್ದು.

ಹೆಮ್ಮೆಯ ಮಾತೇ ಸರಿ. ಆದರೆ ಒಂದೂವರೆ ಕಿಲೋಮೀಟರ್ ಎಂದರೆ ವಯಸ್ಸಾದವರಿಗೆ ಅರ್ಧ ತಾಸಿನ ನಡಿಗೆ. ಮೇಲಾಗಿ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ನಿಂತು ಎರಡು ದಿಕ್ಕಿಗೂ ಹೊರಡಬಹುದು. ಆದ್ದರಿಂದ ನಾನು ಪೆಟ್ಟು ತಿಂದು ಕಲಿತದ್ದನ್ನು ನಿಮಗೂ ಹೇಳುತ್ತೇನೆ:

ಹಿರಿಯರು ಜೊತೆಗಿದ್ದರೆ ಮುಕ್ಕಾಲು ತಾಸು ಮೊದಲೇ ಬನ್ನಿ. ಗಾಡಿಯ ನಂಬರು, ಬೋಗಿಯ ನಂಬರು ಎರಡನ್ನೂ ಚೀಟಿಯಲ್ಲಿ ಬರೆದು ಸೆರಗಿನಲ್ಲಿ ಕಟ್ಟಿಕೊಳ್ಳಿ. ನಿಮ್ಮ ಗಾಡಿ ಯಾವ ತುದಿಗೆ ನಿಲ್ಲುತ್ತದೆಂದು ಒಳಗೆ ಹೋಗುವ ಮೊದಲೇ ಕೇಳಿ. ಗಾಲಿಕುರ್ಚಿ ಕೇಳಲು ನಾಚಿಕೆ ಬೇಡ. ವಿಚಾರಣೆಗೆ 139ಕ್ಕೆ ಫೋನ್ ಮಾಡಬಹುದು.

ವಾರದ ನಂತರ ಮರಳಿದೆವು. ಈ ಸಲ ಅತ್ತೆಯವರು ಗಾಲಿಕುರ್ಚಿಯಲ್ಲಿ ಕೂತು, ಆ ತುದಿಯಿಂದ ಈ ತುದಿಯವರೆಗೆ ಕಣ್ಣರಳಿಸಿ ನೋಡಿದರು. "ಈಗ ಕಾಣಸ್ತೇತಿ ನೋಡವಾ, ಎಷ್ಟ ಉದ್ದ ಐತಿ ಅಂತ!" ಎಂದು ನಕ್ಕರು.

ಹೊರಡುವ ದಿನ ಚಟ್ನಿ ಒಂದು ಕಡಿಮೆಯಾದರೂ ಚಿಂತೆಯಿಲ್ಲ ಸೋದರಿಯರೆ, ಅರ್ಧ ತಾಸು ಹೆಚ್ಚಿಗೆ ಇರಲಿ.