ವಾಹನ ವಿಮೆಯ ರದ್ದತಿ: ಗಡಿಯವರ ಕೈಗೆ ಬಾರದ ಹಣ

ವಾಹನ ವಿಮೆಯನ್ನು ಅವಧಿಗೆ ಮುನ್ನ ರದ್ದು ಮಾಡಿದವರಿಂದ ಕಂಪೆನಿಗಳು ದಂಡದ ರೂಪದಲ್ಲಿ ಹಣ ಹಿಡಿದುಕೊಳ್ಳುತ್ತಿದ್ದ ಪದ್ಧತಿಗೆ 2024ರ ಜೂನ್ 11ರಂದು ಕಡಿವಾಣ ಬಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು ಅಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಸಾಮಾನ್ಯ ಪಾಲಿಸಿದಾರನು ಕಾರಣ ಹೇಳದೆಯೇ ಯಾವಾಗ ಬೇಕಾದರೂ ಪಾಲಿಸಿ ರದ್ದು ಮಾಡಿಸಬಹುದು. ಪಾಲಿಸಿ ಒಂದು ವರ್ಷದೊಳಗಿನದಾಗಿದ್ದು ಕ್ಲೇಮು ಮಾಡಿರದಿದ್ದರೆ, ಉಳಿದ ದಿನಗಳ ಪಾಲನ್ನು ಕಂಪೆನಿ ಮರಳಿಸಬೇಕು. ಇಷ್ಟು ಒಳ್ಳೆಯ ಸುದ್ದಿ ಗಡಿನಾಡಿನ ಕನ್ನಡ ಮನೆಗಳಿಗೆ ಎಷ್ಟು ತಲುಪಿದೆ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ನಾವು ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯನ್ನು ಉದಾಹರಣೆಯಾಗಿ ಎತ್ತಿಕೊಳ್ಳುತ್ತೇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದಾಗ, ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು. ಕನ್ನಡವೇ ಮನೆಮಾತಾಗಿದ್ದ ತಾಳವಾಡಿ ಮಾತ್ರ ಮದರಾಸಿನಲ್ಲೇ ಉಳಿಯಿತು. ನಮ್ಮಂತೆಯೇ ಅವರಿಗೂ ಬಂಧುಗಳು, ವ್ಯಾಪಾರ, ಹೆಣ್ಣು-ಗಂಡಿನ ಸಂಬಂಧ ಎಲ್ಲವೂ ಗಡಿಯಾಚೆ. ಸರಕಾರಿ ಕಾಗದಗಳು ಮಾತ್ರ ಗಡಿಯೀಚೆ. ಚಾಮರಾಜನಗರ ಹತ್ತಿರದ ಪೇಟೆ. ವಾಹನದ ಕಾಗದಕ್ಕಾದರೋ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಕಡೆಗೆ ಹೋಗಬೇಕು. ಆ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೂ ನಿರ್ಬಂಧವಿದೆ. ಒಂದು ಸಹಿಗಾಗಿ ಒಂದು ದಿನದ ದುಡಿಮೆ ಹೋಯಿತೆಂದೇ ಲೆಕ್ಕ.

ಮೊದಲು ಹಣದ ವಿಚಾರ ನೋಡೋಣ. 2002ರ ಮೋಟಾರು ವಿಮಾ ದರಪಟ್ಟಿಯಲ್ಲಿ ಅಲ್ಪಾವಧಿ ದರವೆಂಬ ಒಂದು ಕೋಷ್ಟಕವಿತ್ತು. ಪಾಲಿಸಿ ಒಂದು ತಿಂಗಳು ನಡೆದಿದ್ದರೂ ವರ್ಷದ ಪ್ರೀಮಿಯಂನಲ್ಲಿ ಶೇಕಡಾ 20 ಕಂಪೆನಿಗೆ. ಮೂರು ತಿಂಗಳಾದರೆ ಶೇಕಡಾ 40. ಆರಾದರೆ ಶೇಕಡಾ 70. ಎಂಟು ತಿಂಗಳು ದಾಟಿದರೆ ಪಾಲಿಸಿದಾರನಿಗೆ ನಯಾಪೈಸೆ ಇಲ್ಲ. 12,000 ರೂಪಾಯಿ ಕಟ್ಟಿದವನು ಮೂರು ತಿಂಗಳಿಗೆ ರದ್ದು ಮಾಡಿದರೆ ಅವನಿಗೆ ಸಿಗುತ್ತಿದ್ದುದು 7,200 ರೂಪಾಯಿ. ಹೊಸ ಲೆಕ್ಕದಲ್ಲಿ 9,000 ಸಿಗಬೇಕು. ಆರು ತಿಂಗಳಿಗಾದರೆ ಹಿಂದೆ 3,600, ಈಗ 6,000. ಒಂಬತ್ತು ತಿಂಗಳಿಗೆ ಹಿಂದೆ ಸೊನ್ನೆ, ಈಗ 3,000. 2007ರಲ್ಲಿ ವಾಹನದ ಸ್ವಂತ ಹಾನಿಯ ವಿಮೆಗೆ ದರನಿಗದಿ ಹೋಗಿ ಕಂಪೆನಿಗಳಿಗೆ ಸ್ವಾತಂತ್ರ್ಯ ಸಿಕ್ಕಿತು; ಪಾಲಿಸಿದಾರನ ಕೈಕಟ್ಟಿದ್ದ ಕೋಷ್ಟಕ ಮಾತ್ರ ಪಾಲಿಸಿಯ ಹಾಳೆಗಳಲ್ಲಿ ಹಾಗೆಯೇ ಉಳಿಯಿತು. ಇದನ್ನು ಏನೆನ್ನೋಣ!

ಹೊಸ ಕಾರು ಕೊಂಡವರ ವಿಷಯ ಸ್ವಲ್ಪ ಬೇರೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಕಟ್ಟಬೇಕಾಗಿದೆ. ಇಂಥ ದೀರ್ಘ ಪಾಲಿಸಿಯಲ್ಲಿ, ಇನ್ನೂ ಆರಂಭವಾಗದ ವರ್ಷಗಳ ಹಣವನ್ನು ಮರಳಿಸಬೇಕೆಂದು ಅದೇ ಸುತ್ತೋಲೆ ಹೇಳುತ್ತದೆ.

ಆದರೆ ಗಡಿಯಲ್ಲಿ ಅಪಾಯವಿರುವುದು ಹಣದಲ್ಲಲ್ಲ, ತಾರೀಕಿನಲ್ಲಿ. ತಾಳವಾಡಿಯ ರೈತನೊಬ್ಬ ತನ್ನ ಕಾರನ್ನು ಚಾಮರಾಜನಗರದ ನೆಂಟರಿಗೆ ಮಾರುತ್ತಾನೆ ಎನ್ನಿ. ಹಣ ಕೈಸೇರುತ್ತದೆ, ಕೀಲಿಕೈ ದಾಟಿಹೋಗುತ್ತದೆ. ನಿರಾಕ್ಷೇಪಣಾ ಪತ್ರ ತರಬೇಕು, ಇನ್ನೊಂದು ರಾಜ್ಯದ ತೆರಿಗೆ ಕಟ್ಟಬೇಕು, ಹೊಸ ನಂಬರು ಪಡೆಯಬೇಕು. ಆರ್.ಸಿ. ತಿಂಗಳುಗಟ್ಟಲೆ ಹಳೆಯ ಹೆಸರಿನಲ್ಲೇ ಇರುತ್ತದೆ. ಅಷ್ಟರಲ್ಲಿ ಯಾರೋ, "ಮಾರಿದ ಗಾಡಿಗೆ ವಿಮೆಯೇಕೆ? ರದ್ದು ಮಾಡಿ ಹಣ ತಗೊಳ್ಳಿ" ಎಂದು ಬುದ್ಧಿ ಹೇಳುತ್ತಾರೆ. ಇದಕ್ಕಿಂತ ದುಬಾರಿಯಾದ ಸಲಹೆ ಬೇರೆ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 157ನೇ ಕಲಮಿನಂತೆ, ವಾಹನ ಕೈಬದಲಾದ ದಿನದಿಂದಲೇ ಅದರ ವಿಮೆಯೂ ಕೊಂಡವನಿಗೆ ವರ್ಗವಾಯಿತೆಂದು ಅರ್ಥ. ಆತ 14 ದಿನಗಳೊಳಗೆ ಕಂಪೆನಿಗೆ ಅರ್ಜಿ ಕೊಡಬೇಕು. ಅದನ್ನು ಮಾರಿದವನು ರದ್ದು ಮಾಡಿಸಿದರೆ ಗಾಡಿ ವಿಮೆಯಿಲ್ಲದೆ ರಸ್ತೆಯಲ್ಲಿ ಓಡುತ್ತದೆ. ಅಪಘಾತವಾದರೆ? ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಿಕನೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆಲವು ಸಾವಿರ ರೂಪಾಯಿ ಮರಳಿ ಪಡೆದವನು ಲಕ್ಷಗಟ್ಟಲೆ ಪರಿಹಾರಕ್ಕೆ ಹೊಣೆಯಾಗಬೇಕಾದೀತು.

ತಾರೀಕಿನ ಮಹತ್ವ ತಿಳಿಯಲು ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಮೊಕದ್ದಮೆಗಳನ್ನು ನೋಡಬಹುದು. ಎರಡರಲ್ಲೂ ಪ್ರೀಮಿಯಂನ ಚೆಕ್ಕು ಬ್ಯಾಂಕಿನಿಂದ ಹಿಂದಿರುಗಿ, ಕಂಪೆನಿಯೇ ಪಾಲಿಸಿ ರದ್ದು ಮಾಡಿತ್ತು. ಒಂದರಲ್ಲಿ ರದ್ದತಿ ಮಾಲಿಕನಿಗೆ ತಿಳಿದ ಮೇಲೆ ಅಪಘಾತವಾಯಿತು. ಕಂಪೆನಿಗೆ ಹೊಣೆಯಿಲ್ಲವೆಂದು 2007ರ ಡಿಸೆಂಬರಿನಲ್ಲಿ ತೀರ್ಪಾಯಿತು. ಸತ್ತವರ ಮನೆಯವರಿಗೆ ಕಂಪೆನಿ ಮೊದಲು ಕೊಟ್ಟು ಆಮೇಲೆ ಮಾಲಿಕನಿಂದ ವಸೂಲು ಮಾಡಲೆಂದು ನ್ಯಾಯಾಲಯ ವಿಶೇಷಾಧಿಕಾರ ಬಳಸಿ ಹೇಳಿತು. ಇನ್ನೊಂದರಲ್ಲಿ 2004ರ ಮೇ 11ರಂದು ಅಪಘಾತ, 13ರಂದು ರದ್ದತಿ. ಎರಡೇ ದಿನದ ಅಂತರ. 2012ರ ಏಪ್ರಿಲ್ ತೀರ್ಪಿನಲ್ಲಿ ಕಂಪೆನಿಯೇ ಪರಿಹಾರ ಕೊಡಬೇಕಾಯಿತು.

ಆದುದರಿಂದ ಹೊಸ ಪಾಲಿಸಿ ಕೈಗೆ ಬರುವ ಮುನ್ನ ಹಳೆಯದನ್ನು ರದ್ದು ಮಾಡಿಸಕೂಡದು. ಒಂದೇ ಗಾಡಿಗೆ ಎರಡು ಪಾಲಿಸಿಯಾದಾಗ, ಇಲ್ಲವೇ ಬೇರೆ ಕಂಪೆನಿಗೆ ಬದಲಾಯಿಸಿದಾಗ ರದ್ದತಿ ನ್ಯಾಯವೇ. ಗಾಡಿ ಮಾರಿದವನು ಕೇಳಿ ಪಡೆಯಬೇಕಾದ ವಸ್ತು ಬೇರೆ: ನೋ ಕ್ಲೇಮ್ ಬೋನಸ್ಸಿನ ಪತ್ರ. ಶೇಕಡಾ 20ರಿಂದ 50ರವರೆಗಿನ ಆ ರಿಯಾಯಿತಿ ಮನುಷ್ಯನದು, ಕಾರಿನದ್ದಲ್ಲ. ತನ್ನ ಮುಂದಿನ ಕಾರಿನ ಸ್ವಂತ ಹಾನಿಯ ವಿಮೆಗೆ ಅದನ್ನು ಒಯ್ಯಬಹುದು. ಇದನ್ನು ತಾವಾಗಿ ಹೇಳುವ ಏಜೆಂಟರು ವಿರಳ.

ಇಷ್ಟೆಲ್ಲ ಪಾಲಿಸಿಯ ಹಾಳೆಯಲ್ಲೇ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ. ಆರೋಗ್ಯ ವಿಮೆಯಲ್ಲಿ, ಗ್ರಾಹಕನು ಕೇಳಿದರೆ ಮಾಹಿತಿ ಹಾಳೆಯನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು 2024ರ ಜನವರಿ 1ರಿಂದ ನಿಯಮವಾಗಿದೆ. ಸ್ಥಳೀಯ ಭಾಷೆಯೆಂದರೆ ತಾಳವಾಡಿಯಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲೆಯಾಳ ಎಂದು ಕಂಪೆನಿಯವರು ತಿಳಿದುಬಿಟ್ಟರೆ ನಮಗಾದ ಉಪಕಾರವೇನು? ಬೆಂಗಳೂರಿನ ಗ್ರಾಹಕನಿಗೆಂದು ಕನ್ನಡದಲ್ಲಿ ಅಚ್ಚಾದ ಹಾಳೆಯನ್ನು ತಾಳವಾಡಿಗೂ ಮಂಜೇಶ್ವರಕ್ಕೂ ಕಳಿಸಲು ಹೆಚ್ಚು ಖರ್ಚು ತಗಲದು. ವಾಹನ ವಿಮೆಗೂ ಇದೇ ಕ್ರಮ ಬರಬೇಕೆಂದು ನಾವು ಒತ್ತಾಯಿಸುತ್ತೇವೆ.

ಹಣ ಮರಳಿಸದಿದ್ದರೆ ದಾರಿಯೊಂದಿದೆ. ಮೊದಲು ಕಂಪೆನಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ನರಿಗೆ ಬರೆಯಬಹುದು, ಶುಲ್ಕವಿಲ್ಲ. ತಮಿಳುನಾಡಿಗೆ ಚೆನ್ನೈ ಕಚೇರಿ, ಕೇರಳಕ್ಕೆ ಕೊಚ್ಚಿ. ಆದರೆ 2017ರ ನಿಯಮಾವಳಿಯಂತೆ ದೂರುದಾರನ ವಾಸಸ್ಥಳ ಮಾತ್ರವಲ್ಲ, ದೂರಿಗೆ ಗುರಿಯಾದ ಶಾಖೆ ಇರುವ ಸ್ಥಳವೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಚಾಮರಾಜನಗರದ ಶಾಖೆಯಲ್ಲಿ ವಿಮೆ ಮಾಡಿಸಿದ ತಾಳವಾಡಿಯವರೂ ಮಂಗಳೂರಿನ ಶಾಖೆಯಲ್ಲಿ ಮಾಡಿಸಿದ ನಮ್ಮ ಓದುಗರೂ ಬೆಂಗಳೂರಿನ ಓಂಬುಡ್ಸ್‌ಮನ್ನರ ಬಾಗಿಲು ತಟ್ಟಬಹುದು.