ಶುಲ್ಕ ಕಟ್ಟುವಾಗ ಕೋರ್ಸು, ಸಂಬಳ ಕೇಳಿದಾಗ ಸೇವೆ

1968ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ರಿಷಿಕೇಶಕ್ಕೆ ಬಂದ ಕಥೆ ಎಲ್ಲರಿಗೂ ಗೊತ್ತು. ಗಂಗೆಯ ದಂಡೆ, ಕೊರಳ ತುಂಬ ಹೂವಿನ ಹಾರ, ನಡುವೆ ನಗುತ್ತ ಕೂತ ಮಹರ್ಷಿ ಮಹೇಶ ಯೋಗಿ. ಆ ಫೋಟೋಗಳು ಇವತ್ತಿಗೂ ಫೋನಿನಿಂದ ಫೋನಿಗೆ ಓಡಾಡುತ್ತವೆ. ಆದರೆ ಅಲ್ಲಿ ಆಗ ನಡೆಯುತ್ತಿದ್ದ ತರಗತಿ ಯಾವುದು ಎಂದು ಕೇಳುವವರು ಕಡಿಮೆ. ಅದು ಶಿಕ್ಷಕರ ತರಬೇತಿ ಶಿಬಿರ. ಭಾವಾತೀತ ಧ್ಯಾನವನ್ನು ಕಲಿಸುವವರನ್ನು ತಯಾರು ಮಾಡುವ ಜಾಗಕ್ಕೆ ಆ ನಾಲ್ವರು ಬಂದಿದ್ದರು.

ಈ ಸಣ್ಣ ವಿವರದಲ್ಲಿ ಇಡೀ ಸಂಸ್ಥೆಯ ಆರ್ಥಿಕತೆ ಅಡಗಿದೆ.

ಮಹೇಶ ಯೋಗಿ ಅಲಹಾಬಾದಿನಲ್ಲಿ ಭೌತಶಾಸ್ತ್ರ ಓದಿದವರು. ಜ್ಯೋತಿರ್ಮಠದ ಶಂಕರಾಚಾರ್ಯ ಬ್ರಹ್ಮಾನಂದ ಸರಸ್ವತಿಯವರ ಶಿಷ್ಯರು. 1953ರಲ್ಲಿ ಗುರುಗಳು ತೀರಿಕೊಂಡ ಮೇಲೆ ಊರೂರು ಸುತ್ತಿ ಧ್ಯಾನ ಕಲಿಸತೊಡಗಿದರು. ಕಲಿಸುತ್ತಿದ್ದ ವಿಧಾನ ಸರಳ: ಕಣ್ಣು ಮುಚ್ಚಿ, ಕೊಟ್ಟ ಮಂತ್ರವನ್ನು ಮನಸ್ಸಿನಲ್ಲೇ ನೆನೆಯುತ್ತ, ದಿನಕ್ಕೆರಡು ಸಲ ಇಪ್ಪತ್ತು ನಿಮಿಷ ಕೂರುವುದು. ಒಬ್ಬರೇ ಜಗತ್ತಿಗೆಲ್ಲ ಕಲಿಸಲಾಗದು ಎಂದು 1961ರಲ್ಲಿ ರಿಷಿಕೇಶದಲ್ಲಿ ಶಿಕ್ಷಕರ ತರಬೇತಿ ಶುರು ಮಾಡಿದರು. ಇಲ್ಲಿಯವರೆಗೆ ಆಕ್ಷೇಪಿಸುವಂಥದ್ದೇನೂ ಇಲ್ಲ.

1972ರಲ್ಲಿ ಅವರು ‘ವಿಶ್ವ ಯೋಜನೆ’ಯೊಂದನ್ನು ಘೋಷಿಸಿದರು. ಹತ್ತು ಲಕ್ಷ ಜನಕ್ಕೆ ಒಂದರಂತೆ ಜಗತ್ತಿನ ತುಂಬ 3,600 ಕೇಂದ್ರಗಳು. ಸಾವಿರ ಜನಕ್ಕೆ ಒಬ್ಬರಂತೆ ಶಿಕ್ಷಕರು. ಎಂದರೆ 36 ಲಕ್ಷ ಶಿಕ್ಷಕರು. ಅದೇ ಸುಮಾರಿಗೆ ಸ್ಪೇನಿನ ಮಯೋರ್ಕಾ, ಇಟಲಿಯ ಫಿಯುಜ್ಜಿಯಂಥ ಊರುಗಳಲ್ಲಿ ದೊಡ್ಡ ದೊಡ್ಡ ತರಬೇತಿ ಶಿಬಿರಗಳು ನಡೆದವು. ಓದು ಬಿಟ್ಟು, ಕೆಲಸ ಬಿಟ್ಟು, ಕೈಯಿಂದ ಹಣ ಹಾಕಿಕೊಂಡು ಅಮೆರಿಕ ಮತ್ತು ಯುರೋಪಿನ ಯುವಜನರು ಅಲ್ಲಿಗೆ ಹೋದರು.

ಈಗ ಕಾಗದ ಪೆನ್ನು ಹಿಡಿದು ಒಬ್ಬ ಶಿಕ್ಷಕನ ಲೆಕ್ಕ ಹಾಕಿ ನೋಡಬೇಕು. ಅವನ ಪಾಲಿಗೆ ಬಂದದ್ದು ಸಾವಿರ ಜನ, ತೊಟ್ಟಿಲ ಕೂಸೂ ಸೇರಿ. ಅವರಲ್ಲಿ ಅರ್ಧದಷ್ಟು ಜನ ಹತ್ತು ವರ್ಷದಲ್ಲಿ ಧ್ಯಾನ ಕಲಿತರು ಎಂದುಕೊಂಡರೂ ವರ್ಷಕ್ಕೆ ಐವತ್ತು ಮಂದಿ, ವಾರಕ್ಕೆ ಹೆಚ್ಚುಕಡಿಮೆ ಒಬ್ಬರು. ಈ ಧ್ಯಾನಕ್ಕೆ ಶುಲ್ಕ ಒಂದೇ ಸಲ. ಕಲಿತವರು ಮತ್ತೆ ಶುಲ್ಕ ಕಟ್ಟಬೇಕಿಲ್ಲ. ಕೋಣೆಯ ಬಾಡಿಗೆ, ಪ್ರಚಾರ, ಮೇಲಿನ ಕಚೇರಿಯ ಪಾಲು ಕಳೆದು ವಾರಕ್ಕೊಬ್ಬ ವಿದ್ಯಾರ್ಥಿಯ ಶುಲ್ಕದಲ್ಲಿ ಸಂಸಾರ ನಡೆಯಬೇಕು. ಅದೂ ಊರಿನ ಅರ್ಧ ಜನ ಧ್ಯಾನಕ್ಕೆ ಕೂತರೆ ಮಾತ್ರ. ಹಾಗೆ ಯಾವ ಊರೂ ಕೂರಲಿಲ್ಲ.

ಕಲಿಯುವವರು ಸಾಲದೆ ಬಂದಾಗ ಸಂಸ್ಥೆಗೆ ಉಳಿಯುವುದು ಎರಡು ದಾರಿ: ಶುಲ್ಕ ಏರಿಸುವುದು, ಇಲ್ಲವೇ ಕಲಿತವರಿಗೇ ಮುಂದಿನ ಮೆಟ್ಟಿಲನ್ನು ಮಾರುವುದು. ಎರಡೂ ನಡೆದವು. ಅಮೆರಿಕದಲ್ಲಿ 1970ರ ದಶಕದ ಆರಂಭಕ್ಕೆ 75 ಡಾಲರ್ ಇದ್ದ ಶುಲ್ಕ 1990ರ ದಶಕದಲ್ಲಿ 1,000 ಡಾಲರ್ ಆಯಿತು, 2000ದ ನಂತರ 2,500 ಮುಟ್ಟಿತು. ಮುಂದೆ ಅದನ್ನು ಇಳಿಸಿ, ಆದಾಯಕ್ಕೆ ತಕ್ಕಂತೆ ದರ ಮಾಡಿದರು. ಮೆಟ್ಟಿಲುಗಳೂ ಎದ್ದವು. 1976ರಲ್ಲಿ ‘ಸಿದ್ಧಿ’ ಕಾರ್ಯಕ್ರಮ ಬಂತು, ಅದರಲ್ಲಿ ಗಾಳಿಯಲ್ಲಿ ತೇಲುವ ಆಸೆಯೂ ಸೇರಿತ್ತು. 2000ದ ನಂತರ ‘ರಾಜ’ ಎಂಬ ಪದವಿ ಬಂತು. ಅದರ ತರಬೇತಿಗೆ ಹತ್ತು ಲಕ್ಷ ಡಾಲರ್. ಜರ್ಮನಿಯ ಡೇವಿಡ್ ಸೀವೆಕಿಂಗ್ 2010ರಲ್ಲಿ ಮಾಡಿದ ‘ಡೇವಿಡ್ ವಾಂಟ್ಸ್ ಟು ಫ್ಲೈ’ ಎಂಬ ಸಾಕ್ಷ್ಯಚಿತ್ರದಲ್ಲಿ ಕಿರೀಟ ತೊಟ್ಟ ಆ ರಾಜರನ್ನು ನೋಡಬಹುದು.

ಶಿಕ್ಷಕರ ತರಬೇತಿಯೂ ಇಂಥದೇ ಒಂದು ಮೆಟ್ಟಿಲು. ಸೇರುವವನು ಅದನ್ನು ಉದ್ಯೋಗದ ಬಾಗಿಲು ಎಂದುಕೊಳ್ಳುತ್ತಾನೆ, ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಅವನು ಇನ್ನೊಂದು ಕೋರ್ಸಿನ ಗಿರಾಕಿ. ಕಲಿಸುವ ವಿಧಾನದ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್. ಶುಲ್ಕ ಎಷ್ಟೆಂದು ಗೊತ್ತು ಮಾಡುವುದೂ ಸಂಸ್ಥೆಯೇ. ಹೊರಗೆ ಬಂದರೆ ಅದೇ ಹೆಸರಿನಲ್ಲಿ ಕಲಿಸುವಂತಿಲ್ಲ. ನಷ್ಟದ ಪಾಲು ಮಾತ್ರ ಶಿಕ್ಷಕನದು.

ಇದನ್ನು ಮರೆಮಾಡುವ ಕೆಲಸವನ್ನು ಭಾಷೆ ಮಾಡುತ್ತದೆ. ಶುಲ್ಕ ಮತ್ತು ದಕ್ಷಿಣೆ ಬೇರೆ ಬೇರೆ ಮಾತುಗಳು. ಶುಲ್ಕ ಮೊದಲೇ ಗೊತ್ತಾದ ಮೊತ್ತ. ದಕ್ಷಿಣೆ ಕಲಿತಾದ ಮೇಲೆ ಶಕ್ತ್ಯಾನುಸಾರ ಕೊಡುವಂಥದ್ದು. ಭಾವಾತೀತ ಧ್ಯಾನ ಕಲಿಯಲು ಹೋದವರು ಹಣ್ಣು, ಹೂವು, ಬಿಳಿ ಕರವಸ್ತ್ರ ಒಯ್ಯಬೇಕು. ಬ್ರಹ್ಮಾನಂದ ಸರಸ್ವತಿಯವರ ಚಿತ್ರದ ಮುಂದೆ ಸಂಸ್ಕೃತದಲ್ಲಿ ಪೂಜೆ ನಡೆಯುತ್ತದೆ. ನೋಟಕ್ಕೆ ದಕ್ಷಿಣೆ, ರಸೀದಿಗೆ ಶುಲ್ಕ. ‘ಸೇವೆ’ ಎಂಬ ಮಾತೂ ಹೀಗೇ ಬೇಕಾದ ಕಡೆ ಬಳಕೆಯಾಗುತ್ತದೆ. ಇಂಥ ಸಂಸ್ಥೆಗಳಲ್ಲಿ ಹಣ ಒಳಗೆ ಬರುವಾಗ ಅದು ಕೋರ್ಸು. ಕಲಿಸುವವನು ಸಂಬಳ ಕೇಳಿದಾಗ ಅದು ಸೇವೆ. ಕೇಳಿದವನಿಗೇ ನಾಚಿಕೆಯಾಗಿ ಸುಮ್ಮನಾಗುತ್ತಾನೆ.

ಧ್ಯಾನದಿಂದ ಎಷ್ಟೋ ಜನಕ್ಕೆ ಒಳ್ಳೆಯದಾಗಿದೆಯಲ್ಲ ಎಂಬ ಮಾತು ಬರುತ್ತದೆ. ಆಗಿದೆ. 2013ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘ, ರಕ್ತದೊತ್ತಡ ಇಳಿಸಲು ಈ ಧ್ಯಾನವನ್ನು ಪರಿಗಣಿಸಬಹುದು ಎಂದು ಎಚ್ಚರಿಕೆಯ ಮಾತಿನಲ್ಲಿ ಹೇಳಿತ್ತು. ಆದರೆ ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ಇದೇ ಧ್ಯಾನಿಗಳನ್ನು ಪರೀಕ್ಷಿಸಿ, ಯಾವುದಾದರೂ ಸಾಧಾರಣ ಪದವನ್ನು ನೆನೆಯುತ್ತ ಕೂತರೂ ದೇಹಕ್ಕೆ ಅಂಥದೇ ವಿಶ್ರಾಂತಿ ಸಿಗುತ್ತದೆ ಎಂದು 1975ರಲ್ಲೇ ಪುಸ್ತಕ ಬರೆದರು. ಔಷಧಿ ಕೆಲಸ ಮಾಡುತ್ತದೆ ಎಂದ ಮಾತ್ರಕ್ಕೆ ಅದರ ಬೆಲೆ ನ್ಯಾಯವಾಗಿದೆ ಎಂದಾಗುವುದಿಲ್ಲ. ಅಂಗಡಿ ಹಾಕಿದವನು ಬದುಕುತ್ತಾನೆ ಎಂದಂತೂ ಅಲ್ಲವೇ ಅಲ್ಲ.

ಬೇರೆ ದಾರಿ ಇಲ್ಲವೇ? ಮುಂಬೈ, ಪುಣೆಯವರಿಗೆ ಇಗತ್ಪುರಿ ಗೊತ್ತಿರುತ್ತದೆ. ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ ಎಸ್.ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದ ವಿಪಶ್ಯನದ ದೊಡ್ಡ ಕೇಂದ್ರ ಅಲ್ಲಿದೆ. ಹತ್ತು ದಿನದ ಶಿಬಿರಕ್ಕೆ ಶುಲ್ಕವಿಲ್ಲ, ಊಟ ವಸತಿಗೂ ಇಲ್ಲ. ಒಂದಾದರೂ ಶಿಬಿರ ಮುಗಿಸಿದವರಿಂದ ಮಾತ್ರ ದಾನ ಪಡೆಯುತ್ತಾರೆ. ಕಲಿಸುವವರಿಗೆ ಸಂಬಳವಿಲ್ಲ, ಹೊಟ್ಟೆಪಾಡಿಗೆ ಬೇರೆ ಆಧಾರ ಇರಬೇಕು. ಇದಕ್ಕೂ ಬೆಲೆಯಿದೆ: ಹತ್ತು ದಿನದ ರಜೆ ದಿನಗೂಲಿಯವನಿಗೆ ಸಿಗದು, ಕಲಿಸುವ ಅವಕಾಶವೂ ಉಳ್ಳವರಿಗೇ ಹೆಚ್ಚು. ಆದರೂ ಇಲ್ಲಿ ಸೇವೆ ಎಂದರೆ ಎರಡೂ ಕಡೆಗೆ ಸೇವೆಯೇ. ಶಿಕ್ಷಕನಾದರೆ ಜೀವನ ನಡೆಯುತ್ತದೆ ಎಂಬ ಆಸೆಯನ್ನು ಯಾರೂ ಹುಟ್ಟಿಸುವುದಿಲ್ಲ.

ಇವತ್ತು ಧ್ಯಾನ, ಯೋಗ, ಉಸಿರಾಟದ ತರಬೇತಿ ಕೊಡುವ ಸಂಸ್ಥೆಗಳು ಊರಿಗೆ ಹತ್ತಿವೆ. ವಾರಾಂತ್ಯದ ಕೋರ್ಸು ಮುಗಿಸಿದವರಿಗೆ, ಅದರಲ್ಲೂ ಐಟಿ ಕೆಲಸದಲ್ಲಿ ಬೇಸತ್ತವರಿಗೆ, ಮಕ್ಕಳು ದೊಡ್ಡವರಾದ ಗೃಹಿಣಿಯರಿಗೆ, ‘ನೀವೂ ಯಾಕೆ ಕಲಿಸಬಾರದು’ ಎಂಬ ಮಾತು ಹಿತವಾಗಿ ಕೇಳುತ್ತದೆ. ಹೋಗುವುದು ಅವರವರ ಇಷ್ಟ. ಹೋಗುವ ಮುನ್ನ ನಾಲ್ಕು ಪ್ರಶ್ನೆ ಕೇಳಬೇಕು. ಕಡೆಯ ಹಂತದವರೆಗೆ ಒಟ್ಟು ಖರ್ಚೆಷ್ಟು? ಹಿಂದಿನ ತಂಡದಲ್ಲಿ ತರಬೇತಿ ಪಡೆದವರಲ್ಲಿ ಎಷ್ಟು ಜನ ಈಗಲೂ ಕಲಿಸುತ್ತಿದ್ದಾರೆ? ಅವರ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ? ಬಿಟ್ಟು ಬಂದರೆ ಕಲಿತದ್ದನ್ನು ಸ್ವಂತವಾಗಿ ಕಲಿಸಬಹುದೇ?

ಉತ್ತರ ಬರಹದಲ್ಲಿ ಬಂದರೆ ಯೋಚಿಸಬಹುದು. ‘ಮೊದಲು ಸಮರ್ಪಣೆ ಇರಲಿ, ಉಳಿದದ್ದು ತಾನಾಗಿ ಬರುತ್ತದೆ’ ಎಂಬ ಉತ್ತರ ಬಂದರೆ, ಕೆಲಸಕ್ಕೆ ರಾಜೀನಾಮೆ ಕೊಡದೆ, ಮನೆಯಲ್ಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು ಒಳ್ಳೆಯದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ರಸೀದಿಯೂ ಬೇಕಿಲ್ಲ.