ಸಹಿಗಷ್ಟೇ ಸೀಮಿತವಾದ ಪೋಷಕತ್ವ

ಸರಕಾರಿ ಶಾಲೆಗಳ ದುಃಸ್ಥಿತಿಗೆ ಹೊಣೆ ಯಾರು? ಸರಕಾರದತ್ತ ಬೆರಳು ತೋರುವುದು ನಮಗೆ ರೂಢಿಯಾಗಿಬಿಟ್ಟಿದೆ. ಶಿಕ್ಷಕರ ಕೊರತೆಗೆ ಸರಕಾರವೇ ಉತ್ತರಿಸಬೇಕು, ನಿಜ. ಆದರೆ ಕಾನೂನು ನಮ್ಮ ಕೈಗಿತ್ತ ಅಧಿಕಾರವನ್ನು ನಾವೇನು ಮಾಡಿದೆವು?

ಕರ್ನಾಟಕದಲ್ಲಿ 2001ರಲ್ಲಿಯೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಅಸ್ತಿತ್ವಕ್ಕೆ ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಇಂತಹ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರು, ಶೇ. 50ರಷ್ಟು ಮಹಿಳೆಯರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ರೂಪಿಸುವುದೂ ಅನುದಾನದ ಬಳಕೆಯ ಮೇಲೆ ನಿಗಾ ಇಡುವುದೂ ಅದರ ಕರ್ತವ್ಯ. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿ ಸಮಿತಿಯ ಪಾತ್ರವನ್ನು 2012ರ ತಿದ್ದುಪಡಿಯು ಸಲಹೆಗಷ್ಟೇ ಸೀಮಿತಗೊಳಿಸಿತು. ಸರಕಾರವೇ ನಡೆಸುವ ಉರ್ದು ಶಾಲೆಗಳಿಗೆ ಈ ಮಿತಿ ಅನ್ವಯಿಸದು.

ವಾಸ್ತವದಲ್ಲಿ ನಡೆಯುವುದೇನು? ಸಭೆಯ ದಿನ ತಂದೆ ಅಂಗಡಿಯಲ್ಲಿ, ತಾಯಿ ಅಡುಗೆಮನೆಯಲ್ಲಿ. ನಡಾವಳಿ ಪುಸ್ತಕವೇ ಸಹಿಗಾಗಿ ಮನೆಬಾಗಿಲಿಗೆ ಬರುತ್ತದೆ. ಪತ್ನಿಯ ಸ್ಥಾನದಲ್ಲಿ ಪತಿ ಕುಳಿತಿರುತ್ತಾನೆ. ಕೆಲವು ಮುಖ್ಯೋಪಾಧ್ಯಾಯರಿಗೂ ಪ್ರಶ್ನಿಸುವ ಪೋಷಕರಿಗಿಂತ ಸಹಿ ಹಾಕುವ ಪೋಷಕರೇ ಅಚ್ಚುಮೆಚ್ಚು.

ಪಠ್ಯಪುಸ್ತಕವನ್ನು ಬದಲಿಸುವ, ಮುಖ್ಯೋಪಾಧ್ಯಾಯರನ್ನು ನೇಮಿಸುವ ಅಧಿಕಾರ ಸಮಿತಿಗಿಲ್ಲ. ಆದರೆ ಪಾಠಗಳು ಸಕಾಲದಲ್ಲಿ ಮುಗಿದುವೇ, ಐದನೆಯ ತರಗತಿಯ ಮಗು ಕನ್ನಡದ ಒಂದು ಪುಟವನ್ನು ತಡವರಿಸದೆ ಓದಬಲ್ಲುದೇ ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಹೆತ್ತವರ ಸಭೆಯನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ ಮತ್ತು ಕಲಿಕೆಯ ವಿವರ ತಿಳಿಸುವ ಹೊಣೆಯನ್ನು ಅದೇ ಕಾಯ್ದೆಯ 24ನೇ ಕಲಮು ಶಿಕ್ಷಕರ ಮೇಲೆ ಹೊರಿಸಿದೆ.

ಜಮಾಅತಿನ ಚುನಾವಣೆಗೆ ತೋರುವ ಉತ್ಸಾಹದ ಅರ್ಧದಷ್ಟನ್ನಾದರೂ ಶಾಲೆಯ ಸಭೆಗೆ ತೋರೋಣ. ತಾಯಂದಿರು ಸ್ವತಃ ಬಂದು ಮಾತನಾಡಲಿ. ಓದದೆ ಸಹಿ ಹಾಕದಿರೋಣ. ತಮ್ಮ ಕುರ್ಚಿಯನ್ನು ತಾವೇ ಖಾಲಿ ಬಿಟ್ಟವರ ದೂರಿಗೆ ಕಿವಿಗೊಡುವವರಾರು?